ಹೊಸ ಕೋಣೆಯ ಗಾಜು

ಸದಲಗಾ

ಕೆಂಪವ್ವನಿಗೆ ಅಕ್ಕವ್ವ ಬರೆದದ್ದು,

ಇದನ್ನು ನಿನ್ನ ಮಗಳು ಅನುಸೂಯಾ ಓದಿ ಹೇಳಲಿ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮ ಹಳೆಯ ಬಂಗಲೆಗೆ ಹೊಸ ಕೋಣೆ ಸೇರಿಸಿದ್ದು ಬೇಸಿಗೆಯಲ್ಲಿ ನಿನ್ನ ಕುರಿಗಳು ತಂಗುತ್ತಿದ್ದ ಮುಂದಿನ ಬಯಲಿನಲ್ಲಿ. ಕಟ್ಟಿಸುವಾಗ ನಿನಗೊಂದು ಮಾತು ತಿಳಿಸಲಿಲ್ಲ. ಅದಕ್ಕೇ ಮೊನ್ನೆ ಸಂಜೆ ಬಾಗಿಲಲ್ಲಿ ನಿನ್ನ ದನಿ ಕೇಳಿದಾಗ, ಕುರಿಗಳಿಗೆ ಜಾಗ ಕೇಳಲು ಬಂದಿರಬೇಕು ಎಂದುಕೊಂಡೆ.

ಆ ಕೋಣೆಯ ಮುಂಭಾಗವೆಲ್ಲ ಕಪ್ಪು ಗಾಜು. "ಹೊರಗಿನವರಿಗೆ ಒಳಗ ಏನೂ ಕಾಣಂಗಿಲ್ರಿ" ಎಂದು ಗಾಜು ಕೂಡಿಸಿದವನು ಹೇಳಿದ್ದ. ಅದನ್ನು ನಂಬಿ, ದೀಪ ಹಚ್ಚಿಕೊಂಡು ಸೋಫಾದ ಮೇಲೆ ಕುಳಿತೇ ಇದ್ದೆ. ಮನೆಯಲ್ಲಿ ಇಲ್ಲವೆಂದು ಹೇಳಲು ಸೊಸೆ ಸೀಮಾಳಿಗೆ ಕೈಸನ್ನೆ ಮಾಡಿದೆ.

ನೀನು ಅವಳಿಗೆ ಹೇಳಿದ್ದು ನನಗೂ ಕೇಳಿಸಿತು. "ನಮ್ಮ ಅನುಸೂಯಾನ ಮದವಿ ಐತ್ರಿ. ಮೊದಲನೇ ಅಕ್ಷತಿ ಅವ್ವಾರಿಗೇ ತಂದಿದ್ದೆ. ಇರಲಿ ಬಿಡ್ರಿ, ಅವ್ವಾರು ಆರಾಮ ಕುಂತಿರಲಿ."

ನೀನು ಹೋದ ಮೇಲೆ ಅಂಗಳಕ್ಕಿಳಿದು ನೋಡಿದೆ. ಹೊರಗೆ ಕತ್ತಲಾಗಿ ಒಳಗೆ ದೀಪವಿದ್ದರೆ ಆ ಗಾಜು ಏನನ್ನೂ ಮುಚ್ಚುವುದಿಲ್ಲ. ಸೀಮಾಳ ಕೈಬಳೆ ಕೂಡ ಕಾಣುತ್ತಿತ್ತು.

ಇನ್ನೊಮ್ಮೆ ಬಂದು ಕರೆ ಎನ್ನುವ ಮುಖ ನನಗಿಲ್ಲ. ಸೋಮವಾರ ಮದುಮಗಳಿಗೆ ಸೀರೆ ತೆಗೆದುಕೊಂಡು ನಾನೇ ಬರುತ್ತೇನೆ. ಕುರಿಗಳಿಗೆ ಬಾವಿ ಪಕ್ಕದ ಹೊಲ ಬಿಡಿಸಿದ್ದೇನೆ, ಅದನ್ನು ನೀನು ಕೇಳಬೇಕಾಗಿಲ್ಲ.

ನೀನು ಮನೆಯಲ್ಲಿಲ್ಲವೆಂದು ಹೇಳಿಸಿದರೂ ಸರಿ, ನಿನ್ನ ಕಟ್ಟೆಯ ಮೇಲೆ ಕುಳಿತಿರುತ್ತೇನೆ.

ಅಕ್ಕವ್ವ ಬಾಬಾಸಾಹೇಬ ಖೋತ