ಜಗಲಿ ಗೋಡೆಯ ಎಣ್ಣೆ ಕಲೆ

ಯಜಮಾನರಿಗೆ ನಮಸ್ಕಾರ. ನೀವೀಗ ಇರುವ ಕಡೆಗೆ ಅಂಚೆಯವನು ಬರುವುದಿಲ್ಲ, ಗೊತ್ತು. ಆದರೂ ಹೇಳದೆ ಇರಲಾರೆ.

ಇವತ್ತು ಮೊಮ್ಮಗಳು ಕೌಸಲ್ಯಳನ್ನು ನೋಡಲು ಕುಣಿಗಲ್‌ನವರು ಗುಬ್ಬಿಗೆ ಬಂದಿದ್ದರು. ನಮ್ಮ ಮನೆಯ ಮುಂಭಾಗ ಹಾಳು ಛತ್ರದ ಹಾಗಿತ್ತು. ಗಾರೆಯವನನ್ನು ಕರೆಸುವ ಶಕ್ತಿ ನಿಮ್ಮ ಮಗನಿಗೆಲ್ಲಿದೆ? ಸುಣ್ಣಕ್ಕೆ ಬಟ್ಟೆಯ ನೀಲಿ ಕಲಸಿ ನಾನೇ ನಿಂತು ಬಳಿಸಿದೆ, ಜಗಲಿಯ ಅಂಚಿಗೆ ಕೆಮ್ಮಣ್ಣು ಎಳೆದೆ. ಬೀದಿಗೆಲ್ಲ ನಮ್ಮದೇ ಚೆಂದ ಕಾಣುತ್ತಿತ್ತು. ನೀವು ತಲೆಯೊರಗಿಸಿ ಕೂರುತ್ತಿದ್ದ ಕಡೆಯ ಎಣ್ಣೆ ಕಲೆ ಮಾತ್ರ ಎಷ್ಟು ಬಳಿದರೂ ಮೇಲೆದ್ದು ಬಂತು. ನೀವಿದ್ದಾಗ ನಿಮ್ಮನ್ನು ಬೈಯುತ್ತಿದ್ದೆ, ನಿನ್ನೆ ಗೋಡೆಯನ್ನೇ ಬೈದೆ.

ಹುಡುಗನ ತಂದೆ ಬಂದವರೇ ಜಗಲಿಯಲ್ಲಿ ಕೂತು ಅಲ್ಲಿಗೇ ತಲೆಯೊರಗಿಸಿದರು.

"ಏಳ್ರೀ ಅಲ್ಲಿಂದ! ಅದು ನೀವು ಒರಗೋ ಜಾಗ ಅಲ್ಲ!" ಅಂದುಬಿಟ್ಟೆ.

"ಸುಣ್ಣ ಇನ್ನೂ ಹಸಿ, ಅದಕ್ಕೇ ನಮ್ಮತ್ತೆ ಹಂಗಂದ್ರು," ಎಂದು ಸೊಸೆ ಸಾವರಿಸಿದಳು.

ಆತ ಗೋಡೆ ಮುಟ್ಟಿ ನೋಡಿದರು. ಒಣಗಿತ್ತು. "ಊರಿಗೆ ಹೋಗಿ ತಿಳಿಸ್ತೀವಿ," ಎಂದವರೇ ಉಪ್ಪಿಟ್ಟನ್ನೂ ಮುಟ್ಟದೆ ಹೊರಟುಹೋದರು.

"ಯಾಕಜ್ಜಿ ಹಂಗಂದೆ?" ಎಂದು ಕೌಸಲ್ಯ ಅಳುತ್ತಾ ಕೇಳುತ್ತಿದ್ದಾಳೆ. ನನಗೇ ತಿಳಿಯುತ್ತಿಲ್ಲ. ಆ ಕಲೆ ಹೋಗಲೆಂದು ಸೀಗೆಪುಡಿ ಹಾಕಿ ಉಜ್ಜಿದವಳೂ ನಾನೇ ತಾನೆ? ಹುಡುಗಿಗೆ ಏನು ಹೇಳಲಿ, ನೀವಾದರೂ ಹೇಳಿ.