ಅಮ್ಮನ ಎಡಗೈ ಪರೀಕ್ಷೆ

ಲೋ ಗುಂಡ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಅಪ್ಪನ ಹುಟ್ಟುಹಬ್ಬಕ್ಕೆಂದು ನಾವು ತಂದ, ಚಾಕು ಕತ್ತರಿಗಳನ್ನೆಲ್ಲ ಒಳಗೆ ಮಡಚಿಟ್ಟ ಆ ಮಲ್ಟಿಟೂಲ್ ಅಮ್ಮನಿಗೆ ಸಿಕ್ಕಿಬಿಟ್ಟಿದೆ. ಬಚ್ಚಿಡಲು ಹೊಲಿಗೆ ಯಂತ್ರದ ಖಾನೆಯೇ ಬೇಕಿತ್ತೇನೋ, ಅದೂ ಅಮ್ಮನೇ ದರ್ಜಿಯಾಗಿರುವ ಮನೆಯಲ್ಲಿ?

ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದವಳು ಹೌಹಾರಿಬಿಟ್ಟೆ. ಹೋದ ವರ್ಷ ಅಪ್ಪ ಬೆಟ್ಟ ಹತ್ತುವಾಗ ಬಿದ್ದು ಬಲಗೈ ಮುರಿದುಕೊಂಡಾಗಿನಿಂದ ಬೆಟ್ಟದ ಹೆಸರೆತ್ತಿದರೆ ಉರಿದುಬೀಳುತ್ತಾಳಲ್ಲ, ಅದೇ ಅಮ್ಮ ತನ್ನ ಬಲಗೈಯನ್ನು ಅಳತೆ ಟೇಪಿನಿಂದ ಕುರ್ಚಿಗೆ ಬಿಗಿದುಕೊಂಡು, ಎಡಗೈಯೊಂದರಲ್ಲೇ ಮಲ್ಟಿಟೂಲಿನ ಚಾಕು ಬಿಚ್ಚಲು ಒದ್ದಾಡುತ್ತಿದ್ದಳು. ಹೆಬ್ಬೆರಳ ಉಗುರು ಕಿತ್ತು ರಕ್ತ ಸುರಿಯುತ್ತಿತ್ತು!

"ಎಂಥದ್ದು ತಂದಿದ್ದೀರೇ? ಒಂದು ಕೈ ಮುರಿದ್ರೆ ಇನ್ನೊಂದರಲ್ಲಿ ಇದನ್ನ ತೆರೆಯೋಕೇ ಆಗಲ್ಲ. ಈ ಕತ್ತರಿಯಂತೂ ಬಟ್ಟೆ ಅಗಿಯುತ್ತೆ ಅಷ್ಟೇ, ಕತ್ತರಿಸಲ್ಲ. ಗಾಯಕ್ಕೆ ಕಟ್ಟೋ ಬಟ್ಟೆನ ಹಲ್ಲಲ್ಲಿ ಹರೀತಾರಾ ಅವರು?" ಎಂದಳು.

ಸಂಜೆ ಹೋಗಿ ಬೇರೆಯದು ತಾ. ಅಂಗಡಿಯವನು ಮುಖ ಸಿಂಡರಿಸಿದರೂ ಸರಿ, ಎಡಗೈಯಲ್ಲಿ ತೆರೆದು ನೋಡದೆ ತೆಗೆದುಕೊಳ್ಳಬೇಡ. ಜೇಬಿನಲ್ಲಿ ಒಂದು ಚಿಂದಿ ಇಟ್ಟುಕೊಂಡು ಹೋಗು, ಅದನ್ನು ಕತ್ತರಿಸಿಯೂ ನೋಡು. ಅಮ್ಮನ ಬೆರಳಿಗೆ ಪಟ್ಟಿ ಕಟ್ಟಿದ್ದೇನೆ, ಇವತ್ತು ಪಾತ್ರೆ ತೊಳೆಯುವುದು ನೀನೇ.

ಅಪ್ಪನ ಮುಂದೆ ತುಟಿಪಿಟಕ್ ಅನ್ನಬೇಡ. ಇದು ಅಮ್ಮನದೇ ಅಪ್ಪಣೆ: "ನನ್ನ ಕೋಪ ಇಳಿದಿಲ್ಲ ಅಂತಲೇ ಅವರು ಅಂದ್ಕೊಂಡಿರ್ಲಿ. ಬೈಗುಳದ ಭಯಕ್ಕಾದ್ರೂ ಬೆಟ್ಟದಲ್ಲಿ ಹೆಜ್ಜೆ ನೋಡಿ ಇಟ್ಟು ಮನೆಗೆ ಬರ್ತಾರೆ."

— ಅಕ್ಕ