ಕೊಳಲು ಹುಡುಗನ ಕೈ

ಮಾರ್ಚ್ 4, ಬೆಳಗ್ಗೆ
ಒರೆಸಿ ಮುಗೀತು. ಕುರಿ ಕಾಯೋ ಹುಡುಗಿ, ಅವಳ ಮರಿಗಳು, ಕೊಳಲು ಊದೋ ಹುಡುಗ, ಹಾಲು ಕರೆಯೋಳು... ಯುರೋಪಿನ ಹಳೇ ಪಿಂಗಾಣಿ ಗೊಂಬೆಗಳು, ಉಸಿರು ಬಿಗಿಹಿಡಿದೇ ಒರೆಸಬೇಕು. ಸಂಜೆ ಅತ್ತೆ ಬರ್ತಾರೆ. ಕಣ್ಣಿನ ಆಪರೇಷನ್ ಆಗಿದೆ, ಒಂದು ತಿಂಗಳು ನಮ್ಮಲ್ಲೇ. ಗಾಜಿನ ಬೀರು ಇರೋ ರೂಮೇ ಅವರಿಗೆ. ಬೀಗ ಹಾಕಲಾ ಅಂದೆ. "ಅಮ್ಮ ಏನು ಪಾಪುನಾ?" ಅಂದ್ರು ಇವರು. ಹಾಕಲಿಲ್ಲ.

ಮಾರ್ಚ್ 9
ಆಸ್ಪತ್ರೇಲಿ ಕಣ್ಣಿನ ಪಟ್ಟಿ ಬಿಚ್ಚಿದ್ರು. ಅತ್ತೆ ಮನೆಗೆ ಬಂದವರೇ ಬೀರು ಮುಂದೆ ನಿಂತ್ರು. "ಇಷ್ಟು ಒಳ್ಳೇ ಲಂಗ ಹಾಕ್ಕೊಂಡು ಕುರಿ ಮೇಯಿಸೋ ಗತಿ ಯಾಕೆ ಬಂತು ಇವಳಿಗೆ?" ನಗು ಬಂತು.

ಮಾರ್ಚ್ 16, ಸಂಜೆ
ಹಲ್ಲು ಮಾಡೋ ಲ್ಯಾಬಿಂದ ಬಂದೆ. ಬಾಗಿಲಲ್ಲೇ ಅತ್ತೆ, ಅಂಗೈ ಚಾಚಿ. ಅದರಲ್ಲಿ ಬಿಳಿ ಪುಡಿ.
"ಧೂಳು ಹೊಡೆಯೋಕೆ ಹೋದೆ. ಕೊಳಲು ಹುಡುಗನ ಕೈ ಹೋಯ್ತು. ಬೈದುಬಿಡು, ಮನಸ್ಸಲ್ಲಿ ಇಟ್ಕೋಬೇಡ."
ವರ್ಷಗಟ್ಟಲೆ ಹುಡುಕಿ ತಂದ ಗೊಂಬೆ ಅದು. ಊಟ ಬೇಡ ಅಂದೆ. ಅವರೂ ಮಾಡಲಿಲ್ಲವಂತೆ.

ಮಾರ್ಚ್ 21
ಅವತ್ತಿಂದ ಬರೀ ಹೂಂ, ಉಹೂಂ. ಇವತ್ತು ಅತ್ತೆ ಸೀರೆ ಮಡಿಚಿ ಬ್ಯಾಗಿಗೆ ಹಾಕ್ತಿದ್ರು. "ಮಗಳ ಮನೆಗೆ ಹೋಗ್ತೀನಮ್ಮ." ನಾಳೆ ಸಂಜೆವರೆಗೂ ಇರಿ ಅಂದೆ.

ಮಾರ್ಚ್ 22, ಮಧ್ಯಾಹ್ನ
ದಿನಾ ಪಿಂಗಾಣಿ ಹಲ್ಲು ಮಾಡೋಳು ನಾನು — ಕೈ ಯಾಕೆ ಆಗಬಾರದು? ಹಲ್ಲಿನ ಪುಡಿನೇ ಕಲಸಿದೆ, ಹಲ್ಲು ಸುಡೋ ಕುಲುಮೆಗೇ ಇಟ್ಟೆ. ಓನರ್ ಇಣುಕಿದ್ರು. "ಯಾರಮ್ಮ ಪೇಶೆಂಟು?"
"ನಮ್ಮ ಮನೆಯವರೇ ಸಾರ್."

ಸಂಜೆ
ಅತ್ತೆ ಹುಡುಗನ್ನ ಹಿಡ್ಕೊಂಡ್ರು, ನಾನು ಕೈ ಅಂಟಿಸಿದೆ. ಅಂಟು ಒಣಗೋವರೆಗೂ ಅಲ್ಲಾಡಲಿಲ್ಲ ಮಹಾತಾಯಿ. ಮೂಗು ತುರಿಸ್ತಿದೆ ಅಂದ್ರು. ನಾನೇ ತುರಿಸಿದೆ. ಇಬ್ಬರಿಗೂ ನಗು ತಡೀಲಿಲ್ಲ. ಹೊಸ ಕೈ ಬಣ್ಣ ಸ್ವಲ್ಪ ಹಳದಿ ಹೊಡೀತು.
"ಇರಲಿ ಬಿಡು. ಬಿಸಿಲಲ್ಲಿ ತಿರುಗೋನು," ಅಂದ್ರು.
ಬ್ಯಾಗು ಮತ್ತೆ ಮಂಚದ ಕೆಳಗೆ.

ಏಪ್ರಿಲ್ 12
ತಿಂಗಳು ಕಳೀತು. ಹೋಗೋ ಮಾತಿಲ್ಲ. ಕೇಳೋರೂ ಇಲ್ಲ.
ಬೆಳಗ್ಗೆ ಹಳೇ ಸಾಮಾನಿನ ಸಂತೆಗೆ ಹೋಗಿದ್ವಿ. ಬಾತುಕೋಳಿ ಕಾಯೋ ಹುಡುಗಿ ಸಿಕ್ಕಿದ್ಲು. ಚೌಕಾಸಿ ಪೂರ್ತಿ ಅತ್ತೆದು. ಕೊನೆಗೆ ಅಂಗಡಿಯವನೇ ಕೈ ಮುಗಿದ.
ಈಗ ನಾದಿನಿ ಫೋನು ಮಾಡಿದ್ಲು, ಅತ್ತೆನೇ ಎತ್ಕೊಂಡ್ರು. "ಸದ್ಯಕ್ಕೆ ಬರೋಕಾಗಲ್ಲ ಕಣೇ. ನಮ್ಮ ಗೊಂಬೆಗಳಿಗೆ ಬೀರು ಸಾಲ್ತಿಲ್ಲ, ಇನ್ನೊಂದು ಮಾಡಿಸಬೇಕು."
ನಮ್ಮ ಅಂದ್ರು. ಅಡುಗೆಮನೇಲಿ ಸೌಟು ಹಿಡಿದು ನಿಂತೇ ಇದ್ದೆ, ಇನ್ನೊಂದು ಸಲ ಅಂತಾರಾ ಅಂತ.
ಕೂಗ್ತಿದ್ದಾರೆ — ಬಾತುಕೋಳಿಯವಳನ್ನ ಎಲ್ಲಿ ನಿಲ್ಲಿಸೋದು ಅಂತ. ಹಾಲು ಕರೆಯೋಳ ಪಕ್ಕ ಬೇಡವಂತೆ. ಹಾಲಿನವಳ ಮುಖ ನೋಡಿದ್ರೆ ಯಾಕೋ ಸ್ವಲ್ಪ ಜಗಳಗಂಟಿ ಥರ ಕಾಣುತ್ತಂತೆ.